ಮಾಸ್ಟರ್ ಮೀನಿನ ಗಲ್ಲದ ರವೆ

ಚಿದಾನಂದಪ್ಪನ ಗಾಜಿನ ತೊಟ್ಟಿಯಲ್ಲಿದ್ದ ಬಂಗಾರ ಬಣ್ಣದ ಮೀನಿನ ಹೊಟ್ಟೆ ಆವತ್ತು ಊದದೇ ಇದ್ದಿದ್ದರೆ ಮೂಕಪ್ಪ ಈ ಹೊತ್ತು ಸ್ವಂತ ಅಂಗಡಿಯಲ್ಲಿ ಕೂತು ಪ್ಯಾಂಟು ಹೊಲಿಯುತ್ತಿದ್ದ. ಊದಿತು. ಊದುವ ಹೊಟ್ಟೆಗೆ ಯಾರ ದಾಕ್ಷಿಣ್ಯ?

ಮೂಕಪ್ಪ ಹೆಸರಿಗೆ ಮಾತ್ರ ಮೂಕಪ್ಪ. ಬಳ್ಳಾರಿಯ ಗಾಂಧಿನಗರದ ಒಂದು ಶೆಡ್ಡಿನಲ್ಲಿ ಜೀನ್ಸ್ ಹೊಲಿಯುತ್ತಿದ್ದವನು. ಅಲ್ಲಿಯ ಕಟಿಂಗ್ ಮಾಸ್ಟರ್ ತಾನು ತಪ್ಪು ಕತ್ತರಿಸಿದ ಬಟ್ಟೆಯನ್ನು ಇವನ ಮಿಷಿನ್ನಿನ ಮೇಲೆ ಒಗೆದು, ತಪ್ಪೆಲ್ಲ ಇವನದೇ ಎಂದು ಬೈದ. ಮೂಕಪ್ಪ ತನ್ನ ಕತ್ತರಿಯನ್ನು ಎತ್ತಿ ಮಾಸ್ಟರನ ಕಾಲ ಬುಡಕ್ಕೆ ಎಸೆದು, “ನಾನೂ ಅಂಗಡಿ ಹಾಕ್ತೀನಲೇ! ನಿನ್ನ ಪ್ಯಾಂಟಿನ ಜಿಪ್ ಕೆಟ್ರ ಅಲ್ಲಿಗೇ ಬಾ!” ಎಂದು ಇಡೀ ಶೆಡ್ಡಿಗೆ ಕೇಳುವಂತೆ ಕೂಗಿ ಹೊರಬಿದ್ದ. ಕೂಗುವುದಕ್ಕೇನು, ಬಾಯಿ ಸ್ವಂತದ್ದು. ಅಂಗಡಿಗೆ ಜಾಗ ಸ್ವಂತದ್ದಲ್ಲವಲ್ಲ.

ಜಾಗ ಕಣ್ಣೆದುರಿಗೇ ಇತ್ತು. ಪಾರ್ವತಿನಗರದಲ್ಲಿ ಅವನು ಬಾಡಿಗೆಗಿದ್ದ ಮನೆಯ ಮುಂಭಾಗದಲ್ಲೇ ಒಂದು ಶೆಟರಿನ ಕೋಣೆ, ಯಾವಾಗಲೂ ಬೀಗ. ಮೂಕಪ್ಪನ ಹೊಲಿಗೆ ಮಿಷಿನ್ನು ಮೆಟ್ಟಿಲ ಕೆಳಗೆ ಗೋಣಿಚೀಲ ಹೊದ್ದು ಕೂತಿತ್ತು. ಕೀಲಿ ಮಾತ್ರ ಮನೆಯ ಮಾಲೀಕ ಚಿದಾನಂದಪ್ಪನ ಉಡದಾರಕ್ಕೆ ಕಟ್ಟಿಕೊಂಡಿತ್ತು.

ಚಿದಾನಂದಪ್ಪ ಸಿರುಗುಪ್ಪದಲ್ಲಿ ಅಕ್ಕಿ ಗಿರಣಿ ನಡೆಸಿದ ಮನುಷ್ಯ. ಗಿರಣಿಯನ್ನು ತಮ್ಮಂದಿರಿಗೆ ಒಪ್ಪಿಸಿ ಬಳ್ಳಾರಿಗೆ ಬಂದ ಮೇಲೆ ಅವನಿಗೆ ಗದರಿಸಲು ಆಳುಗಳಿಲ್ಲದೆ ಕೈಕಾಲು ಬಿದ್ದಂತಾಗಿ, ಮೂರು ಮೀನು ತಂದು ಪಡಸಾಲೆಯಲ್ಲಿಟ್ಟು ಅವುಗಳ ಮುಂದೆ ಕುರ್ಚಿ ಹಾಕಿಕೊಂಡಿದ್ದ. ಆ ದಿನ ಹಚ್ಚೊಳ್ಳಿಯಲ್ಲಿ ಅವನ ತಂಗಿಯ ಬಸುರಿ ಮಗಳಿಗೆ ಕುಬಸದ ಕಾರ್ಯ. ಬೆಳಕು ಹರಿಯುತ್ತಲೇ ಬಿಳಿ ಅಂಗಿ ತೊಟ್ಟು ನಿಂತು ಮೂಕಪ್ಪನನ್ನು ಕರೆದ.

“ಮೂಕಾ, ಸಂಜಿತನ ಇವುನ್ನ ನಿನ್ನ ಕೈಯಾಗ ಇಟ್ಟು ಹೊಂಟೀನಿ. ಬಂದ ಮ್ಯಾಲೆ ಶೆಟರ್ ಕೀಲಿ ನಿನ್ನ ಕೈಯಾಗ ಇಡ್ತೀನಿ. ಏನಾರ ಹೊಸಾದು ಕಂಡ್ರ ಮುಟ್ಟಬ್ಯಾಡ, ಮೊದ್ಲು ನನಗ ಫೋನ್ ಹಚ್ಚು.”

“ಹೊಸಾದು ಅಂದ್ರ ಏನ್ರಿ ಸಾವ್ಕಾರ್ರೆ?”

“ಕಂಡ್ರ ಗೊತ್ತಾಗ್ತೈತಿ, ಹೋಗಲೇ.”

ಉಳ್ಳವರು ಮಾತಾಡುವುದೇ ಹೀಗೆ. ಅರ್ಧ ಹೇಳಿ ಅರ್ಧ ಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತುತ್ತಾರೆ. ಆ ಜೇಬಿನಲ್ಲಿರುವ ಅರ್ಧವನ್ನು ಬಡವ ಮನಸ್ಸಿನಲ್ಲೇ ಊಹಿಸಿಕೊಂಡು ಸಾಯಬೇಕು.

ಫೋನು ಹಚ್ಚುವ ಮಾತಂತೂ ದೂರ. ಹಿಂದೆ ಈ ಮನೆಯಲ್ಲಿದ್ದ ಜಡೆಪ್ಪ ಹೀಗೇ ಮೀನು ಕಾಯಲು ಕೂತು, ಪಾಪ, ಹಸಿದಿರಬೇಕೆಂದು ತನ್ನ ತಟ್ಟೆಯ ಮಂಡಕ್ಕಿ ವಗ್ಗಾಣಿಯನ್ನು ಅವಕ್ಕೂ ಹಾಕಿದ್ದ. ಆಗ ಮೀನು ಮೂರಿದ್ದವು. ಒಂದು ಮಗುಚಿಕೊಂಡಿತು. ಜಡೆಪ್ಪ ಸತ್ಯವಂತ, ತಕ್ಷಣ ಫೋನು ಮಾಡಿ ತಿಳಿಸಿದ. ಮರುದಿನವೇ ಅವನ ಪಾತ್ರೆ ಪಗಡ ಬೀದಿಯಲ್ಲಿದ್ದವು. ಮೂಕಪ್ಪ ಆ ಕತೆ ಕೇಳಿದಾಗಲೇ ನಿರ್ಧರಿಸಿದ್ದ: ಏನೇ ಆದರೂ ಫೋನಿಲ್ಲ.

ಕುರ್ಚಿಯಲ್ಲಿ ಕೂತು ನೋಡಿದ. ಉದ್ದನೆಯ ಮೀನೊಂದು ದಪ್ಪನೆಯ ಮೀನನ್ನು ಅಟ್ಟಾಡಿಸುತ್ತಿತ್ತು. ಆ ಮೂಲೆಯಿಂದ ಈ ಮೂಲೆಗೆ, ಹಸಿರು ಜೊಂಡಿನ ಒಳಗೆ ನುಗ್ಗಿಸಿ, ಹೊಟ್ಟೆಗೆ ಮೂತಿಯಿಂದ ಗುದ್ದಿ ಗುದ್ದಿ ಓಡಿಸುತ್ತಿತ್ತು. ದಪ್ಪನೆಯದು ಬಾಯಿ ಬಿಟ್ಟು ಏದುತ್ತಿತ್ತು. ಮೂಕಪ್ಪನಿಗೆ ಗಾಂಧಿನಗರದ ಶೆಡ್ಡು ಕಣ್ಣಿಗೆ ಕಟ್ಟಿತು.

“ಥೂ ನಿನ್ನ! ಇಲ್ಲೂ ಒಬ್ಬ ಮಾಸ್ಟರ್ ಅದಾನಲ್ಲೋ!” ಎಂದು ಗಾಜಿಗೆ ಕುಟ್ಟಿದ. ಮಾಸ್ಟರ್ ಮೀನು ಕ್ಯಾರೇ ಅನ್ನಲಿಲ್ಲ. ಆಗಲೇ ಅವನಿಗೆ ದಪ್ಪ ಮೀನಿನ ಹೊಟ್ಟೆ ಕಂಡದ್ದು. ಒಂದು ಪಕ್ಕಕ್ಕೆ ಹೆಚ್ಚು, ಇನ್ನೊಂದು ಪಕ್ಕಕ್ಕೆ ಕಡಿಮೆ, ಸಂತೆಯಲ್ಲಿ ತುಂಬಿದ ಕೈಚೀಲದ ಹಾಗೆ. “ಅಯ್ಯೋ ಯಪ್ಪಾ” ಎಂಬ ಅವನ ಕೂಗು ಮುಗಿಯುವ ಮೊದಲೇ ಪಕ್ಕದ ಮನೆಯ ಸುಂಕಮ್ಮ ಪಡಸಾಲೆಯಲ್ಲಿದ್ದಳು.

ಸುಂಕಮ್ಮ ಹಿತ್ತಲಲ್ಲಿ ಆಡು ಸಾಕಿದ್ದಳು. ಆಡುಗಳು ಬೇಲಿ ನೋಡುತ್ತಿರಲಿಲ್ಲ, ಅವಳು ಬಾಗಿಲು ನೋಡುತ್ತಿರಲಿಲ್ಲ.

“ಏನೋ ಮೂಕಾ, ಯಾರು ಹೋದ್ರೋ?”

“ಯಾರೂ ಹೋಗಿಲ್ಲ ಯಕ್ಕಾ, ಹೋಗಾಕ ಹತ್ಯಾವು. ಇದರ ಹೊಟ್ಟಿ ನೋಡು.”

ಸುಂಕಮ್ಮ ಬಗ್ಗಿ ನೋಡಿ ಕಿಸಕ್ಕನೆ ನಕ್ಕಳು. “ನಿಮ್ಮ ಸಾವ್ಕಾರ ಕುಬಸಕ್ಕ ಅಷ್ಟು ದೂರ ಯಾಕ ಹೋದನೋ? ಇಲ್ಲೇ ಇದಕ್ಕ ಹಸಿರು ಬಳಿ ಇಡಿಸಿದ್ರ ಆಗ್ತಿತ್ತು!”

“ನಿನಗ ನಗಿ. ನನ್ನ ಶೆಟರ್ ಕೈ ಬಿಟ್ಟು ಹೋಗ್ತೈತಿ ಇಲ್ಲಿ.”

“ಹಂಗಾರ ದಿಷ್ಟಿ ಆಗೈತಿ ತಗಿ” ಎಂದು ಅವಳು ಮೆಣಸಿನಕಾಯಿ ತಂದು ತೊಟ್ಟಿಗೆ ಇಳಿ ತೆಗೆದು, ಅಡುಗೆಮನೆ ಒಲೆಗೆ ಹಾಕಿದಳು. ಗಾಟು ಎದ್ದು ಮೂಕಪ್ಪ ಕೆಮ್ಮಿ ಕೆಮ್ಮಿ ಕಣ್ಣೀರಿಟ್ಟ. ನೀರೊಳಗಿದ್ದವು ಆರಾಮಾಗಿದ್ದವು. ಮಾಸ್ಟರ್ ಇನ್ನೂ ಅಟ್ಟಾಡಿಸುತ್ತಿದ್ದ.

ಕೆಮ್ಮಿನ ಸದ್ದಿಗೆ ಎದುರು ಮನೆಯ ಜೋಗಪ್ಪ ಬಂದ. ದನದ ಆಸ್ಪತ್ರೆಯಲ್ಲಿ ಆಯುಷ್ಯವೆಲ್ಲ ಎಮ್ಮೆಗಳ ಬಾಲ ಹಿಡಿದು ನಿಂತು ನಿವೃತ್ತನಾದವನು. ಡಾಕ್ಟರು ಎಮ್ಮೆಯ ಆ ಕಡೆ, ತಾನು ಈ ಕಡೆ. ನಡುವೆ ಎಮ್ಮೆ ಒಂದು ಬಿಟ್ಟರೆ ತಮ್ಮಿಬ್ಬರಿಗೂ ಬೇರೇನೂ ವ್ಯತ್ಯಾಸವಿರಲಿಲ್ಲ ಎಂದು ನಂಬಿದ್ದ.

“ಹೊಟ್ಟಿ ಉಬ್ಬರ” ಎಂದ ದೂರದಿಂದಲೇ. “ಹಸಿ ಮೇವು ಏನಾರ ತಿಂದೈತೇನು?”

“ಮೀನು ಹಸಿ ಮೇವು ಎಲ್ಲಿ ತಿಂತೈತೋ ಮಾವಾ?”

“ಆ ಜೊಂಡು ಮತ್ತೇನದು? ಇರು, ಗೊಟ್ಟ ತರ್ತೀನಿ. ಒಳ್ಳೆಣ್ಣಿ ಹೊಯ್ದ್ರ ಆಯ್ತು.”

ದನಕ್ಕೆ ಔಷಧಿ ಕುಡಿಸುವ ಬಿದಿರಿನ ಗೊಟ್ಟ ಬಂತು. ಅದರ ಬಾಯೊಳಗೆ ಎರಡೂ ಮೀನು ಸಂಸಾರ ಹೂಡಬಹುದಿತ್ತು. ಜೋಗಪ್ಪ ಒಮ್ಮೆ ಗೊಟ್ಟ ನೋಡಿದ, ಒಮ್ಮೆ ಮೀನಿನ ಬಾಯಿ ನೋಡಿದ. “ಇದಕ್ಕ ಸಣ್ಣ ಸೈಜಿಂದು ಬೇಕು” ಎಂದು ಒಪ್ಪಿಕೊಂಡ. ಆದರೆ ರೋಗ ಉಬ್ಬರವೇ ಎಂಬ ಮಾತಿನಿಂದ ಕದಲಲಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಆಟೊ ನಿಂತಿತು. ರಾಮಾಂಜಿನಿಯ ಆಟೊ. ಜನ ಸೇರಿದ ಕಡೆ ಆಟೊ ತಾನಾಗಿಯೇ ನಿಲ್ಲುತ್ತದೆ ಎಂದು ಅವನ ಹೆಂಡತಿ ದುರುಗಮ್ಮ ಓಣಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ವಿಷಯ ತಿಳಿದ ಅವನು ಫೋನು ಹೊರತೆಗೆದ.

“ಯಾವ ಕಾಲದಾಗ ಅದೀರಪ್ಪಾ? ಎಲ್ಲಾ ಇದರಾಗ ಐತಿ.”

ಫೋನಿನಲ್ಲಿ ಕನ್ನಡಕ ಹಾಕಿದ ಒಬ್ಬ, ಹಿಂದೆ ಹತ್ತಾರು ತೊಟ್ಟಿ ಇಟ್ಟುಕೊಂಡು, ತೆಲುಗಿನಲ್ಲಿ ಮೀನಿನ ಕಾಯಿಲೆಗಳ ಬಗ್ಗೆ ಪಾಠ ಹೇಳುತ್ತಿದ್ದ. ಬಳ್ಳಾರಿಯಲ್ಲಿ ತೆಲುಗಿಗೆ ಅರ್ಥ ಹೇಳುವವರು ಬೇಕಿಲ್ಲ. ಹೊಟ್ಟೆ ಊದಿ ಹುರುಪೆಗಳೆಲ್ಲ ನಿಮಿರಿ ನಿಂತಿದ್ದರೆ ಆಸೆ ಬಿಡಿ, ಬರೀ ಊದಿದ್ದರೆ ಮಲಬದ್ಧತೆ ಇರಬಹುದು, ಹಸಿ ಬಟಾಣಿ ಬೇಯಿಸಿ ಸಿಪ್ಪೆ ಸುಲಿದು ಚೂರು ಹಾಕಿ ಎಂದ.

ಎಲ್ಲರೂ ಗಾಜಿಗೆ ಮೂಗು ಒತ್ತಿದರು.

“ಹುರುಪಿ ನಿಂತಾವೇನು?”

“ಸೀತಾಫಲದಂಗ ಅಂತೂ ಇಲ್ಲಪ್ಪಾ. ನುಣ್ಣಗ ಅದಾವು.”

“ಬದುಕ್ತು! ಬಟಾಣಿ ತರ್ರಿ!”

ರಾಮಾಂಜಿನಿ ಆಟೊದಲ್ಲೇ ಹೋಗಿ ಬಟಾಣಿ ತಂದ. ಸುಂಕಮ್ಮ ಬೇಯಿಸಿದಳು. ಮೂಕಪ್ಪ ಸಿಪ್ಪೆ ಸುಲಿದ. ಜೋಗಪ್ಪ ಬೆಂದಿದೆಯೋ ಇಲ್ಲವೋ ಎಂದು ತಿಂದು ತಿಂದು ನೋಡಿದ. ಉಳಿದದ್ದನ್ನು ಹಿಡಿದು ಪಡಸಾಲೆಗೆ ಬಂದರೆ ದಪ್ಪ ಮೀನಿನ ಹೊಟ್ಟೆ ಇಳಿದುಹೋಗಿತ್ತು! ಉಪವಾಸ ಮುಗಿಸಿದ ಸನ್ಯಾಸಿಯಂತೆ ಮೂಲೆಯಲ್ಲಿ ಸುಮ್ಮನೆ ನಿಂತಿತ್ತು.

“ವಾಸನಿಗೇ ಇಳೀತಲ್ಲೋ!” ಎಂದ ರಾಮಾಂಜಿನಿ.

“ದಿಷ್ಟಿ ತಗದಿದ್ದು ಯಾರು?” ಎಂದಳು ಸುಂಕಮ್ಮ.

“ಗೊಟ್ಟ ನೋಡೇ ಹೆದರೈತಿ” ಎಂದ ಜೋಗಪ್ಪ.

ಮೂಕಪ್ಪ ಮಾತ್ರ ಜೊಂಡನ್ನೇ ನೋಡುತ್ತಿದ್ದ. ಎಲೆಎಲೆಗೂ ರಾಗಿಕಾಳಿನಷ್ಟು ಸಣ್ಣ, ಬೇಯಿಸಿದ ಸಾಬೂದಾನಿಯ ಹಾಗೆ ಹೊಳೆಯುವ ಕಾಳುಗಳು ಅಂಟಿಕೊಂಡಿದ್ದವು. ಬೆಳಿಗ್ಗೆ ಇವು ಇರಲಿಲ್ಲ.

“ಹೊಟ್ಯಾಗ ಇದ್ದ ಹೊಲಸು ಎಲ್ಲಾ ಹೊರಗ ಬಂದೈತಿ” ಎಂದು ಜೋಗಪ್ಪ ತೀರ್ಪು ಕೊಟ್ಟ. ಎಲ್ಲರಿಗೂ ಸರಿ ಎನ್ನಿಸಿತು. ಊದಿದ್ದು ಇಳಿದಿದೆ, ಇಳಿದದ್ದು ಅಂಟಿದೆ, ಇನ್ನೇನು ಬೇಕು?

ಮೂಕಪ್ಪ ಕೀಲಿಯನ್ನು ಕೈಯಲ್ಲಿ ಹಿಡಿದಷ್ಟೇ ಖುಷಿಯಿಂದ ಎದ್ದ. ಎದ್ದವನು ಮಾಸ್ಟರ್ ಮೀನಿನ ಮುಖ ನೋಡಿ ಮತ್ತೆ ಕೂತ. ಅದರ ಎರಡೂ ಗಲ್ಲದ ಮೇಲೆ ಯಾರೋ ರವೆ ಉದುರಿಸಿದಂತೆ ಬಿಳಿ ಬಿಳಿ ಚುಕ್ಕಿಗಳು.

“ಯಕ್ಕಾ! ಸಿಡುಬು!”

ರಾಮಾಂಜಿನಿ ಮತ್ತೆ ಫೋನು ತೆಗೆದ. ಕನ್ನಡಕದವನು ಬಿಳಿ ಚುಕ್ಕಿ ರೋಗದ ವಿಷಯ ಹೇಳತೊಡಗಿದ. ಮೈಮೇಲೆಲ್ಲ ಉಪ್ಪು ಉದುರಿಸಿದಂತೆ ಚುಕ್ಕಿ ಏಳುತ್ತವೆ, ಒಂದರಿಂದ ಇನ್ನೊಂದಕ್ಕೆ ಅಂಟುತ್ತದೆ, ರೋಗದ ಮೀನನ್ನು ಬೇರೆ ಮಾಡಿ ಉಪ್ಪು ನೀರಿನಲ್ಲಿಡಿ, ಎಂದವನು, ಆದರೆ ಒಂದು ಮುಖ್ಯ ಸಂಗತಿ, ಚುಕ್ಕಿ ಬರೀ ಗಲ್ಲದ ಮೇಲಿದ್ದರೆ, ಎಂದು ಬೆರಳೆತ್ತಿದ. ಬೆರಳು ಎತ್ತಿದ್ದು ಎತ್ತಿದಂತೆಯೇ ನಿಂತಿತು.

“ಏನಾತೋ?”

“ಡಾಟಾ ಖಾಲಿ.”

“ಗಲ್ಲದ ಮ್ಯಾಲಿದ್ರ ಏನಂತಲೇ?”

“ಇನ್ನೇನು, ಕೈ ಮೀರೈತಿ ಅಂತಿದ್ದ ಅನಸ್ತೈತಿ” ಎಂದ ರಾಮಾಂಜಿನಿ, ಬಹಳ ಗಂಭೀರವಾಗಿ.

ಮೂಕಪ್ಪ ಕಾರ್ಯಕ್ಕಿಳಿದ. ಮಾಸ್ಟರನನ್ನು ಹಿಡಿಯುವಾಗ ಅರ್ಧ ಪಡಸಾಲೆ ತೊಯ್ದಿತು, ಜೋಗಪ್ಪ ಜಾರಿ ಬಿದ್ದು ಎಮ್ಮೆಯ ಬಾಲ ಸಿಕ್ಕೀತೇನೋ ಎಂಬಂತೆ ಗಾಳಿಯಲ್ಲಿ ಕೈಯಾಡಿಸಿದ. ಕೊನೆಗೆ ಮಾಸ್ಟರ್ ಉಪ್ಪು ಬೆರೆಸಿದ ಬಕೀಟಿಗೆ ಬಿದ್ದ. “ಇನ್ನ ಯಾರಿಗೆ ಗುದ್ದತಿ ಗುದ್ದು” ಎಂದ ಮೂಕಪ್ಪನಿಗೆ ಒಳಗೊಳಗೆ ಸಂತೋಷವೂ ಆಯಿತು.

ಮುಂದಿನದು ತೊಟ್ಟಿಯ ಸಫಾಯಿ. ರೋಗದ ಕಾಳು ಅಂಟಿದ ಜೊಂಡನ್ನೆಲ್ಲ ಕಿತ್ತು ಹೊರಗೆ ಗುಡ್ಡೆ ಹಾಕಿದ. ಗಟಾರಕ್ಕೆ ಎಸೆಯಲು ಹೊರಟರೆ ಸುಂಕಮ್ಮ ಕೈ ಹಿಡಿದಳು.

“ಹಸರು ಎಸೀತಾರೇನೋ? ನಮ್ಮ ಆಡಿಗೆ ಆಗ್ತೈತಿ ಕೊಡು.”

“ರೋಗದ್ದು ಯಕ್ಕಾ.”

“ಬಾನ್ಯಾಗ ನೆನಿ ಹಾಕ್ತೀನಿ, ತೊಳದು ಹೋಗ್ತೈತಿ” ಎಂದು ಜೊಂಡನ್ನು ಮಡಿಲಿಗೆ ಹಾಕಿಕೊಂಡು ಹೋದಳು. ಗಂಡಸರು ಮೂವರೂ ಸೇರಿ ತೊಟ್ಟಿ ತಿಕ್ಕಿದರು. ನಲ್ಲಿ ನೀರು ಯಾವತ್ತು ಬಂದೀತೆಂದು ಊರಿನವರೆಲ್ಲ ಡ್ರಮ್ಮಿನಲ್ಲಿ ತುಂಬಿಡುತ್ತಾರಲ್ಲ, ಆ ಹಳೆಯ ನೀರನ್ನೇ ತುಂಬಿದರು. ತೊಟ್ಟಿ ಕನ್ನಡಿಯಂತಾಯಿತು. ದಪ್ಪ ಮೀನೊಂದೇ ಮೌನವಾಗಿ ತಿರುಗುತ್ತಿತ್ತು.

ಆಗ ಫೋನು ಬಂತು. ಚಿದಾನಂದಪ್ಪ. ಹಿಂದೆ ಕುಬಸದ ಮನೆಯ ಹೆಂಗಸರ ನಗು ಕೇಳುತ್ತಿತ್ತು.

“ಏನಲೇ ಮೂಕಾ, ಏನಾರ ಹೊಸಾದು?”

“ಏನಿಲ್ರಿ ಸಾವ್ಕಾರ್ರೆ. ಎಲ್ಲಾ ಹಳೇದ ಐತ್ರಿ.”

“ಹಾಂ” ಎಂದು ಆ ಕಡೆಯಿಂದ ನಿಟ್ಟುಸಿರು. ನಿಟ್ಟುಸಿರು ಯಾಕೆಂದು ಮೂಕಪ್ಪ ಯೋಚಿಸಲಿಲ್ಲ. ಸುಳ್ಳು ಹೇಳಿದವನಿಗೆ ಯೋಚನೆಗೆ ಪುರಸೊತ್ತಿರುವುದಿಲ್ಲ.

ಸಂಜೆ ಬಸ್ಸಿಳಿದು ಚಿದಾನಂದಪ್ಪ ಓಣಿಯ ಮೂಲೆಯಲ್ಲಿ ಕಂಡದ್ದೇ ತಡ, ರಾಮಾಂಜಿನಿಗೆ ಸ್ಟೇಷನ್ ಬಾಡಿಗೆ ನೆನಪಾಯಿತು, ಜೋಗಪ್ಪನಿಗೆ ಮಂಡಿ ನೋವು ನೆನಪಾಯಿತು. ಬೆಳಗಿನಿಂದ ಮೂರು ಡಾಕ್ಟರಿದ್ದ ಮನೆಯಲ್ಲಿ ಮೂಕಪ್ಪ ಒಬ್ಬನೇ ಉಳಿದ, ಪಕ್ಕದಲ್ಲಿ ಒಂದು ಬಕೀಟು.

ಚಿದಾನಂದಪ್ಪ ಒಳಗೆ ಬಂದವನು ಮೊದಲು ಬಕೀಟು ನೋಡಿದ. “ಸಾವ್ಕಾರ್ರೆ, ಅದು, ಗಲ್ಲಕ್ಕ ಸ್ವಲ್ಪ...”

ಚಿದಾನಂದಪ್ಪ ಬಕೀಟಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಕನ್ನಡಕ ಏರಿಸಿದ. ಮಾಸ್ಟರನ ಗಲ್ಲ ನೋಡಿದ. ಆಮೇಲೆ ಆ ಮನುಷ್ಯ, ಗಿರಣಿಯಲ್ಲಿ ಯಾವತ್ತೂ ನಗದೇ ಇದ್ದವನು, ಎದ್ದು ಮೂಕಪ್ಪನನ್ನು ತಬ್ಬಿಕೊಂಡ.

“ಬಂತಲ್ಲೋ! ಚುಕ್ಕಿ ಬಂತಲ್ಲೋ! ಎರಡು ವರ್ಷ ಕಾದೀನಲೇ ಇದಕ್ಕ!”

“ರೋಗಕ್ಕೇನ್ರಿ?”

“ರೋಗ ಯಾವುದಲೇ? ಕುರುಗೋಡಿನಾಗ ಈ ಮೀನು ಕೊಟ್ಟಾತ ಹೇಳಿದ್ದ. ಗಂಡು ಯಾವುದು, ಹೆಣ್ಣು ಯಾವುದು ನನಗೂ ಗೊತ್ತಿಲ್ಲ, ಹರೇಕ್ಕ ಬಂದ ಗಂಡಿಗೆ ಗಲ್ಲದ ಮ್ಯಾಲೆ ಬಿಳೇ ಚುಕ್ಕಿ ಬರ್ತಾವು, ಆಗ ಅದು ಹೆಣ್ಣಿನ ಬೆನ್ನು ಹತ್ತತೈತಿ, ಹೆಣ್ಣು ಜೊಂಡಿನಾಗ ತತ್ತಿ ಇಡ್ತೈತಿ ಅಂದಿದ್ದ. ಸಾಬೂದಾನಿಯಂಗ ಇರ್ತಾವಂತ!”

ಮೂಕಪ್ಪನಿಗೆ ಪಡಸಾಲೆ ಒಂದು ಸುತ್ತು ತಿರುಗಿತು. ಚಿದಾನಂದಪ್ಪ ತೊಟ್ಟಿಯ ಕಡೆ ತಿರುಗಿದ. ಕನ್ನಡಿಯಂಥ ತೊಟ್ಟಿ. ಹೊಟ್ಟೆ ಇಳಿದ ಮೀನು. ಜೊಂಡಿಲ್ಲ. ಅವನ ಮುಖದ ನಗು ಮೆಲ್ಲಗೆ ಮೀಸೆಯೊಳಗೆ ಇಳಿದುಹೋಯಿತು.

“ಮೂಕಾ. ಜೊಂಡು ಎಲ್ಲಿ?”

ಇಂಥ ಹೊತ್ತಿನಲ್ಲಿ ಮನುಷ್ಯನ ಬುದ್ಧಿ ಬಹಳ ಚುರುಕು. ಜೊಂಡು ಇಷ್ಟು ಹೊತ್ತಿಗೆ ಆಡಿನ ಹೊಟ್ಟೆ ಸೇರಿ ಹಿಕ್ಕೆಯೂ ಆಗಿರಬೇಕು. ಕೀಲಿ ಉಳಿಯಬೇಕಾದರೆ ತಪ್ಪು ಬೇರೆ ಯಾರದಾದರೂ ಆಗಬೇಕು. ಕಟಿಂಗ್ ಮಾಸ್ಟರ್ ಕಲಿಸಿದ ವಿದ್ಯೆಯೇ ಅದು.

“ಸುಂಕಮ್ಮ ಒಯ್ದಾಳ್ರಿ!” ಎಂದ ಒಂದೇ ಉಸಿರಿಗೆ. “ಎಲ್ಲಾ ಆಕಿದೇ ಕೆಲಸ. ಮುಂಜಾನಿಂದ ಆಕಿದೇ ಕಾರಭಾರ. ನಾ ಬ್ಯಾಡ ಯಕ್ಕಾ, ಬ್ಯಾಡ ಯಕ್ಕಾ ಅಂತ ಕೈ ಮುಗದೆ. ಕೇಳಲಿಲ್ಲ, ಮಡಲಾಗ ತುಂಬಿಕೊಂಡು ಹೋಗೇ ಬಿಟ್ಲು. ನನ್ನ ಕೈ ಇದರಾಗ ಏನೇನೂ ಇಲ್ರಿ!”

ಚಿದಾನಂದಪ್ಪ ಚಪ್ಪಲಿ ಮೆಟ್ಟದೆ ಓಡಿದ. ಮೂಕಪ್ಪ ಹಿಂದೆ ಓಡಿದ. ಬೈಗುಳ ತನ್ನ ಕಡೆ ಬರದಿರಲಿ ಎಂದು ದಾರಿಯುದ್ದಕ್ಕೂ “ಆಕಿದೇ ರೀ, ಆಕಿದೇ” ಎನ್ನುತ್ತಲೇ ಇದ್ದ. ಓಡುವವರನ್ನು ಕಂಡು ಜೋಗಪ್ಪನ ಮಂಡಿ ನೋವೂ ವಾಸಿಯಾಯಿತು, ರಾಮಾಂಜಿನಿಯ ಬಾಡಿಗೆಯೂ ತಪ್ಪಿತು. ಇಬ್ಬರೂ ಬೆನ್ನು ಹತ್ತಿದರು.

ಸುಂಕಮ್ಮನ ಹಿತ್ತಲಲ್ಲಿ ಬೇವಿನ ಗಿಡದ ಕೆಳಗೆ ಕಲ್ಲಿನ ಬಾನಿ. ಬಾನಿಯ ಮೇಲೆ ಬುಟ್ಟಿ ಬೋರಲು. ಆಡುಗಳು ದೂರದಲ್ಲಿ ಮೂತಿ ತಿರುಗಿಸಿ ನಿಂತಿದ್ದವು. ಮೂಸಿ ನೋಡಿ ಬಿಟ್ಟಿದ್ದವಂತೆ. ಮೀನಿನ ನಾತಕ್ಕೆ ಬೆಕ್ಕು ಬಂದು ಬಾನಿಗೆ ಬಾಯಿ ಹಾಕುತ್ತದೆಂದು ಅವಳು ಬುಟ್ಟಿ ಮುಚ್ಚಿದ್ದಳು. ಚಿದಾನಂದಪ್ಪ ಬುಟ್ಟಿ ಎತ್ತಿದ.

ತಣ್ಣನೆಯ ನೀರಿನಲ್ಲಿ ಜೊಂಡು ಹರಡಿಕೊಂಡಿತ್ತು. ಎಲೆಎಲೆಗೂ ತತ್ತಿ. ಒಂದೂ ಕೆಟ್ಟಿರಲಿಲ್ಲ.

“ನೆಳ್ಳು” ಎಂದ ಚಿದಾನಂದಪ್ಪ. “ಹಳೇ ನೀರು. ಮ್ಯಾಲೆ ಮುಚ್ಚಿಗಿ. ತೊಟ್ಯಾಗ ಬಿಟ್ಟಿದ್ರ ತಾಯಿ ತಂದಿ ಎರಡೂ ಸೇರಿ ತತ್ತಿ ತಿಂದು ಹಾಕ್ತಿದ್ದುವು, ಕುರುಗೋಡಿನಾತ ಹೇಳಿದ್ದ. ಸುಂಕಮ್ಮ, ಇದೆಲ್ಲಾ ನಿನಗ ಯಾರು ಹೇಳಿಕೊಟ್ರು?”

ಸುಂಕಮ್ಮ ಒಂದು ಕ್ಷಣ ಬಾನಿ ನೋಡಿದಳು, ಒಂದು ಕ್ಷಣ ಚಿದಾನಂದಪ್ಪನ ಒದ್ದೆ ಕಣ್ಣು ನೋಡಿದಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು.

“ಹೇಳಿಕೊಡಾದು ಏನೈತ್ರಿ ಸಾವ್ಕಾರ್ರೆ? ಬಸುರಿ ಹೊಟ್ಟಿ ನನಗ ಗೊತ್ತಾಗಂಗಿಲ್ಲೇನು? ಹಸಿರು ಬಳಿ ಇಡಸಾಕ ಮುಂಜಾನೇ ಹೇಳಿದ್ದೆ. ಕೇಳ್ರಿ ಬೇಕಾರ ಇವನ್ನ.”

“ಹೌದು ಹೇಳಿದ್ಲು” ಎಂದ ಜೋಗಪ್ಪ.

“ನಾನೂ ಕೇಳೀನಿ” ಎಂದ ರಾಮಾಂಜಿನಿ. ಜೋಗಪ್ಪ ಆಗ ಇನ್ನೂ ಬಂದಿರಲಿಲ್ಲ, ಇವನಂತೂ ಓಣಿಯಲ್ಲೇ ಇರಲಿಲ್ಲ.

“ಸಾವ್ಕಾರ್ರೆ!” ಮೂಕಪ್ಪ ಕೂಗಿದ. “ಜೊಂಡು ಕಿತ್ತಾಂವ ನಾನ್ರಿ! ಕಿತ್ತು ಹೊರಗ ಇಟ್ಟಿದ್ದಕ್ಕ ತತ್ತಿ ಉಳದಾವು! ಗಂಡನ್ನ ಬ್ಯಾರೆ ಮಾಡಿದಾಂವ ನಾನ್ರಿ!”

ಚಿದಾನಂದಪ್ಪ ಮೆಲ್ಲಗೆ ತಿರುಗಿದ. “ಈಗ ಏನಂದಿ ನೀನು? ಎಲ್ಲಾ ಆಕಿದೇ, ನನ್ನ ಕೈ ಏನೇನೂ ಇಲ್ಲ ಅಂತ ದಾರಿ ತುಂಬಾ ಹೊಯ್ಕೊಂಡು ಬಂದೆಲ್ಲೋ? ಬ್ಯಾಡ ಬ್ಯಾಡ ಅಂತ ಕೈ ಮುಗದ್ಯಂತ. ಆಕಿ ನಿನ್ನ ಮಾತು ಕೇಳಿದ್ರ ನನ್ನ ಮರಿ ಮೀನಿನ ಹೊಟ್ಯಾಗ ಇರ್ತಿದ್ದುವು.”

ಮೂಕಪ್ಪನ ಹೆಸರು ಆಗ ಮೊದಲ ಸಲ ಅವನಿಗೆ ಸರಿಯಾಗಿ ಒಪ್ಪಿತು.

ಚಿದಾನಂದಪ್ಪ ಅಂಗಿ ಎತ್ತಿ ಉಡದಾರದಿಂದ ಕೀಲಿ ಬಿಚ್ಚಿದ. “ಶೆಟರ್ ಕೋಣಿ ತಂಪೈತಿ, ಬಿಸಲು ಬೀಳಂಗಿಲ್ಲ. ಮರಿ ಸಾಕಾಕ ಅದ ಚಲೋ ಜಾಗ. ಸುಂಕಮ್ಮ, ನೀನ ನೋಡ್ಕೋ. ದೊಡ್ಡವಾದ ಮ್ಯಾಲೆ ಅಲ್ಲೇ ಮೀನಿನ ಅಂಗಡಿ ಹಾಕೂಣು.” ಕೀಲಿ ಸುಂಕಮ್ಮನ ಸೊಂಟ ಸೇರಿತು. ಕುಬಸದ ಮನೆಯಿಂದ ತಂದ ಬುತ್ತಿಯ ಗಂಟೂ ಅವಳ ಕೈ ಸೇರಿತು. ಜೋಗಪ್ಪ, ರಾಮಾಂಜಿನಿ ಅಲ್ಲೇ ಕೂತು ಹೋಳಿಗೆ ಮುರಿದರು.

ಮೂಕಪ್ಪ ಬಂದು ಮೆಟ್ಟಿಲ ಕೆಳಗೆ ಮಿಷಿನ್ನಿನ ಪಕ್ಕ ಕೂತ. ಸ್ವಲ್ಪ ಹೊತ್ತಿಗೆ ಸುಂಕಮ್ಮ ಹರಿದ ಸೊಳ್ಳೆ ಪರದೆಯೊಂದನ್ನು ತಂದು ಅವನ ತೊಡೆಯ ಮೇಲೆ ಹಾಕಿದಳು.

“ಲೇ ಮೂಕಾ, ಮರಿ ಎತ್ತಾಕ ಸಣ್ಣ ಸಣ್ಣ ಚೀಲ ಹೊಲದು ಕೊಡು. ಹೆಂಗೂ ನಿನ್ನ ಮಿಷಿನ್ ಸುಮ್ನ ಕುಂತೈತಿ. ಮುಖ ಯಾಕ ಹಂಗ ಮಾಡ್ತಿಯೋ? ಅಂಗಡಿ ನನ್ನದಾದ್ರೇನು, ನೀನು ನನ್ನ ತಮ್ಮ ಇದ್ದಂಗ.”

ಮೂಕಪ್ಪ ಹಲ್ಲು ಕಚ್ಚಿ ಗೋಣಿಚೀಲ ಸರಿಸಿದ. ಪರದೆ ಹಾಸಿ ಅಳತೆ ಹಿಡಿದ. ಕತ್ತರಿಗೆಂದು ಮಿಷಿನ್ನಿನ ಡ್ರಾಯರಿಗೆ ಕೈ ಹಾಕಿದವನು ಖಾಲಿ ಕೈ ಹೊರತೆಗೆದ.

“ಏನಾತೋ?”

“ಕತ್ತರಿ ಇಲ್ಲ ಯಕ್ಕಾ.”

“ಎಲ್ಲೈತಿ?”

“ಗಾಂಧಿನಗರದಾಗ. ಮಾಸ್ಟರ್ ಕಾಲ ಬುಡಕ.”

“ಹಂಗಾರ ಮುಂಜಾನೆದ್ದು ಹೋಗಿ ತಗೊಂಡು ಬಾ” ಎಂದಳು ಸುಂಕಮ್ಮ, ಸೊಂಟದ ಕೀಲಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡು. “ಬರಾಗ ಒಂದು ಮಾತು ಕೇಳಿ ಬಾ. ಆತನ ಜಿಪ್ ಏನಾರ ಕೆಟ್ಟೈತೇನೋ.”